ಮೊದಲ ಸೇನೆಗೆ ಹನ್ನೆರಡು ತುಕಡಿ ಸಾಕು

ಮಿನಿಯೇಚರ್ ವಾರ್‌ಗೇಮ್‌ಗೆ ಹೊಸದಾಗಿ ಕೈಹಾಕುವವರು ಮೊದಲು ಕೇಳುವುದು, ಯಾವ ಸೇನೆ ಕೊಳ್ಳಲಿ ಎಂದು. ಅದಕ್ಕಿಂತ ಮುಂಚೆ ಎಷ್ಟು ದೊಡ್ಡ ಸೇನೆ ಎಂಬುದನ್ನು ತೀರ್ಮಾನಿಸಿಕೊಳ್ಳಿ ಎನ್ನುತ್ತೇನೆ ನಾನು. ಮೊದಲ ಸೇನೆ ಮುಗಿಯಬೇಕು. ಕೊನೆಯ ಸೈನಿಕನ ಕಾಲಿನ ಚಪ್ಪಲಿಗೂ ಬಣ್ಣ ಬಿದ್ದು, ಕಾಲಡಿಯ ಬೇಸ್‌ಗೆ ಮರಳು ಅಂಟಿ, ವಾರ್ನಿಶ್ ಒಣಗಿ, ಎಲ್ಲರೂ ಮೇಜಿನ ಮೇಲೆ ಸಾಲಾಗಿ ನಿಲ್ಲಬೇಕು. ಹಾಗೆ ನಿಂತ ಚಿಕ್ಕ ಸೇನೆ ಕೊಡುವ ಸಂತೋಷವನ್ನು ಅರ್ಧಕ್ಕೆ ಬಿಟ್ಟ ದೊಡ್ಡ ಸೇನೆ ಕೊಡಲಾರದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೆರಳುದ್ದದ ಇಲ್ಲವೇ ಅದಕ್ಕೂ ಚಿಕ್ಕ ಸೈನಿಕರ ಗೊಂಬೆಗಳು, ಬೆಟ್ಟ, ಕಾಡು, ಹೊಳೆ ಮಾಡಿಟ್ಟ ಒಂದು ಮೇಜು, ಅಳತೆಪಟ್ಟಿ, ದಾಳ, ಒಂದು ನಿಯಮಪುಸ್ತಕ. ಚದುರಂಗದಲ್ಲಿ ಮನೆಗಳಿವೆ, ಇಲ್ಲಿ ಮನೆಗಳಿಲ್ಲ, ದೂರವನ್ನು ಅಳೆದು ನಡೆಸಬೇಕು. ಹೊಡೆದಾಟದ ಫಲ ನಿಮ್ಮ ಜಾಣತನ ಮತ್ತು ದಾಳ ಎರಡಕ್ಕೂ ಸೇರಿದ್ದು. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು, ಮನೆಯ ನೆಲದ ಮೇಲೆ ತವರದ ಸೈನಿಕರನ್ನು ಸ್ಪ್ರಿಂಗ್ ಫಿರಂಗಿಯಿಂದ ಹೊಡೆದುರುಳಿಸುವ ಆಟಕ್ಕೆ ನಿಯಮ ಕೊಟ್ಟರು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ದೊಡ್ಡವರಿಗೂ ಇದೊಂದು ಗಂಭೀರ ಹವ್ಯಾಸವೆಂದು ಒಪ್ಪಿಸಿತು. ಇಂದು ಇದರ ರಾಜಧಾನಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಗೇಮ್ಸ್ ವರ್ಕ್‌ಶಾಪ್ ಕಂಪನಿ ಇರುವುದು ಅಲ್ಲೇ; ಸುತ್ತಮುತ್ತ ಗೊಂಬೆ ಎರಕ ಹೊಯ್ಯುವ ಹತ್ತಾರು ಸಂಸ್ಥೆಗಳಿವೆ.

ಹೊಸಬರ ಕಣ್ಣಿಗೆ ಮೊದಲು ಬೀಳುವುದೂ ಆ ಕಂಪನಿಯ ವಾರ್‌ಹ್ಯಾಮರ್ 40,000. 1987ರಲ್ಲಿ ಹುಟ್ಟಿದ ಆಟ. ಅದರ ಪ್ಲಾಸ್ಟಿಕ್ ಗೊಂಬೆಗಳ ಅಚ್ಚಿನ ನಾಜೂಕು ಬೇರೆ ಕಡೆ ಸಿಗುವುದು ಕಷ್ಟ, ಅದನ್ನು ಮನಸಾರೆ ಹೇಳುತ್ತೇನೆ. ಆದರೆ ಪೂರ್ಣ ಪ್ರಮಾಣದ ಆಟಕ್ಕೆ ಅಲ್ಲಿ 2,000 ಪಾಯಿಂಟ್‌ಗಳ ಸೇನೆ ಬೇಕು; ಪಾಯಿಂಟ್ ಎಂದರೆ ಒಂದೊಂದು ತುಕಡಿಯ ಬಲಕ್ಕೆ ನಿಯಮ ಕಟ್ಟಿದ ಬೆಲೆ. ನೀವು ಆರಿಸಿದ ಪಡೆ ಯಾವುದು ಎಂಬುದರ ಮೇಲೆ ಗೊಂಬೆಗಳ ಸಂಖ್ಯೆ ನೂರು ದಾಟಲೂಬಹುದು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬರುತ್ತದೆ, ಬಣ್ಣ ಕಾಣದ ಬೂದು ಪ್ಲಾಸ್ಟಿಕ್ಕಿನ ರಾಶಿ ಕಪಾಟಿನಲ್ಲಿ ಬೆಳೆಯುತ್ತದೆ. ಹವ್ಯಾಸಿಗಳು ಅದನ್ನು ‘ಪೈಲ್ ಆಫ್ ಶೇಮ್’ ಎನ್ನುತ್ತಾರೆ. ಉತ್ಸಾಹದಿಂದ ಶುರು ಮಾಡಿದ ಎಷ್ಟೋ ಜನ ಆ ರಾಶಿಯ ಎದುರು ಕೈಚೆಲ್ಲುವುದನ್ನು ಕಂಡಿದ್ದೇನೆ. ಅವರಲ್ಲಿ ಒಳ್ಳೆಯ ಕೈ ಇದ್ದವರೂ ಇದ್ದರು.

ಆದ್ದರಿಂದ ನನ್ನ ಸಲಹೆ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’. ಎಲ್ಲರೂ ಕರೆಯುವುದು ಡಿಬಿಎ ಎಂದು. ಫಿಲ್ ಬಾರ್ಕರ್ ಮತ್ತು ಸಂಗಡಿಗರ ‘ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್’ 1990ರಲ್ಲಿ ತಂದ, ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳ ಪುಟ್ಟ ನಿಯಮಪುಸ್ತಕ ಇದು. ಸುಮೇರಿನಿಂದ ಹಿಡಿದು ಹದಿನೈದನೇ ಶತಮಾನದ ಯುರೋಪಿನವರೆಗೆ ಯಾವ ಸೇನೆಯಾದರೂ ಸರಿ, ಹನ್ನೆರಡೇ ತುಕಡಿ. 15 ಮಿಲಿಮೀಟರ್ ಅಳತೆಯ ಗೊಂಬೆಗಳಾದರೆ ತುಕಡಿಯೊಂದರ ಬೇಸ್ 40 ಮಿಲಿಮೀಟರ್ ಅಗಲ. ಅದರ ಮೇಲೆ ನಾಲ್ವರು ಈಟಿಗಾರರು, ಇಲ್ಲವೇ ಮೂವರು ಸವಾರರು, ಇಲ್ಲವೇ ಒಂದೇ ಒಂದು ಆನೆ. ಒಟ್ಟು ಐವತ್ತಕ್ಕಿಂತ ಕಡಿಮೆ ಗೊಂಬೆ. ರಣಭೂಮಿ 60 ಸೆಂಟಿಮೀಟರ್ ಚೌಕ. ಊಟದ ಮೇಜಿನ ಒಂದು ಮೂಲೆ ಸಾಕು. ಆಟ ಒಂದು ಗಂಟೆಯೊಳಗೆ ಮುಗಿಯುತ್ತದೆ. ಇಷ್ಟು ಚಿಕ್ಕದರಲ್ಲಿ ಸೇನಾಪತಿಯ ಸಂಕಟವೆಲ್ಲ ಹಿಡಿಸಿದ್ದಾರಲ್ಲ, ಆ ಕೌಶಲಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಸಂಕಟ ಎಂದೆ. ನಿಮ್ಮ ಸರದಿ ಬಂದಾಗ ಒಂದು ದಾಳ ಹಾಕುತ್ತೀರಿ. ಬಿದ್ದ ಸಂಖ್ಯೆಯೇ ನಿಮ್ಮ ಪಿಪ್, ಅಂದರೆ ಆ ಸರದಿಯಲ್ಲಿ ನೀವು ಕೊಡಬಹುದಾದ ಆಜ್ಞೆಗಳು. ಒತ್ತಾಗಿ ನಿಂತ ಐದಾರು ತುಕಡಿಗಳ ಗುಂಪನ್ನು ಮುಂದಕ್ಕೆ ನಡೆಸಲು ಒಂದೇ ಪಿಪ್. ಅದೇ ಗುಂಪು ಚದುರಿದರೆ ಒಂದೊಂದಕ್ಕೂ ಒಂದೊಂದು. ದಾಳದಲ್ಲಿ ಒಂದು ಬಿದ್ದ ದಿನ ಎಡಪಕ್ಕವನ್ನು ಉಳಿಸಬೇಕೋ ಬಲಪಕ್ಕವನ್ನು ನುಗ್ಗಿಸಬೇಕೋ ಎಂದು ತುಟಿ ಕಚ್ಚಿ ಕೂರಬೇಕು. ಹೊಡೆದಾಟದಲ್ಲಿ ಇಬ್ಬರೂ ದಾಳ ಹಾಕಿ ತಮ್ಮ ತಮ್ಮ ತುಕಡಿಯ ಬಲದ ಅಂಕ ಕೂಡಿಸುತ್ತಾರೆ. ಕಡಿಮೆ ಬಂದವನು ಸಾಮಾನ್ಯವಾಗಿ ಹಿಂದೆ ಸರಿಯುತ್ತಾನೆ. ಎದುರಾಳಿಯದು ಎರಡರಷ್ಟಾದರೆ ಹೆಚ್ಚಿನ ಸಲ ತುಕಡಿಯೇ ಹೋಯಿತು. ನಾಲ್ಕು ತುಕಡಿ ಹೋಗಿ, ಎದುರಾಳಿಗಿಂತ ಹೆಚ್ಚು ಕಳೆದುಕೊಂಡಿದ್ದರೆ ಸೋಲು.

ಇನ್ನು ಯಾವ ಸೇನೆ? ಗೆಲ್ಲುವ ಸೇನೆ ಯಾವುದೆಂದು ಲೆಕ್ಕ ಹಾಕಿ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆಟಕ್ಕೆ ಹೋಗುವ ಸಮಯಕ್ಕಿಂತ ಬಣ್ಣದ ಮೇಜಿನ ಮುಂದೆ ಕೂರುವ ಸಮಯ ಎಷ್ಟೋ ಪಾಲು ಹೆಚ್ಚು. ಯಾರ ಉಡುಪು, ಯಾರ ಕುದುರೆ, ಯಾರ ಕತೆ ನಿಮ್ಮನ್ನು ರಾತ್ರಿ ಹನ್ನೊಂದರವರೆಗೆ ದೀಪದ ಕೆಳಗೆ ಕೂರಿಸುತ್ತದೋ ಆ ಸೇನೆಯೇ ನಿಮ್ಮದು. ನನ್ನ ಮನಸ್ಸು ನಿಂತಿರುವುದು ಕ್ರಿ.ಪೂ. 326ರ ಝೀಲಂ ನದಿಯ ದಂಡೆಯಲ್ಲಿ, ಅಲೆಕ್ಸಾಂಡರನೆದುರು ನಿಂತ ಪೋರಸನ ಸೇನೆಯ ಮೇಲೆ. ಆನೆ, ಕುದುರೆ, ರಥ, ಕಾಲಾಳು ನಾಲ್ಕೂ ಅಂಗಗಳು ಅದರಲ್ಲಿವೆ. ಹೊಸಬರ ಕೈಗೆ ಇಷ್ಟು ಬಗೆಬಗೆಯ ಕೆಲಸ ಕೊಡುವ ಸೇನೆ ಅಪರೂಪ.

ಆ ಸೇನೆಯ ಬಗ್ಗೆ ನಮಗೆ ಹೆಚ್ಚು ಹೇಳುವವನು ಗ್ರೀಕ್ ಲೇಖಕ ಅರಿಯನ್. ಅವನು ಬರೆದದ್ದು ಯುದ್ಧ ನಡೆದು ನಾನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಆದರೆ ಅಲೆಕ್ಸಾಂಡರನ ನೌಕಾಧಿಪತಿ ನಿಯರ್ಕಸ್ ಕಣ್ಣಾರೆ ಕಂಡು ಬರೆದಿಟ್ಟದ್ದನ್ನು ಆಧರಿಸಿ ಬರೆದ. ಬಣ್ಣ ಹಚ್ಚುವವನಿಗೆ ಅವನ ‘ಇಂಡಿಕಾ’ ನಿಧಿಯೇ ಸರಿ. ಬಿಲ್ಲು ಆಳೆತ್ತರ, ಅದರ ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹೆದೆ ಎಳೆಯುತ್ತಿದ್ದರಂತೆ. ಕಾಲಾಳುಗಳ ಗುರಾಣಿ ಹದ ಮಾಡದ ಎತ್ತಿನ ತೊಗಲಿನದು. ಉಡುಪು ಬೆಳ್ಳನೆಯ ಹತ್ತಿಬಟ್ಟೆ. ಗಡ್ಡಕ್ಕೆ ಮಾತ್ರ ಬಗೆಬಗೆಯ ಬಣ್ಣ: ಕೆಲವರದು ಅಚ್ಚ ಬಿಳಿ, ಕೆಲವರದು ಕಡುನೀಲಿ, ಕೆಂಪು, ನೇರಳೆ, ಹಸಿರು. ಹದಿನೈದು ಮಿಲಿಮೀಟರ್ ಗೊಂಬೆಯ ಗಲ್ಲಕ್ಕೆ ಹಸಿರಿನ ಒಂದು ಚುಕ್ಕೆ ಇಟ್ಟು ನೋಡಿ, ಇಡೀ ಬಿಳಿಯ ಸಾಲಿಗೆ ಜೀವ ಬರುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಅಂಗಡಿಗಳಲ್ಲಿ ಕಾಣುವ ಪ್ರಾಚೀನ ಯುದ್ಧದ ಆನೆಗಳಲ್ಲಿ ಬಹಳಷ್ಟರ ಬೆನ್ನ ಮೇಲೆ ಮರದ ಬುರುಜು ಇರುತ್ತದೆ. ನೋಡಲು ಚೆನ್ನ, ಆದರೆ ಅದು ಅಲೆಕ್ಸಾಂಡರನ ನಂತರ ಬಂದ ಗ್ರೀಕ್ ರಾಜರ ಕಾಲಕ್ಕೆ ಹೊಂದುವಂಥದ್ದು. ಝೀಲಂ ಯುದ್ಧದ ನೆನಪಿಗೆ ಹೊರಟವೆಂದು ನಂಬಲಾದ ಬೆಳ್ಳಿ ನಾಣ್ಯಗಳಲ್ಲಿ ಓಡುವ ಆನೆಯನ್ನು ಕುದುರೆ ಸವಾರನೊಬ್ಬ ಬೆನ್ನಟ್ಟಿದ್ದಾನೆ. ಆನೆಯ ಮೇಲೆ ಇಬ್ಬರು, ಬುರುಜು ಇಲ್ಲ, ಕಾಲು ಇಳಿಬಿಟ್ಟು ಕೂತಿದ್ದಾರೆ. ಸಾಂಚಿಯ ತೋರಣಗಳ ಶಿಲ್ಪದಲ್ಲೂ ಸವಾರರು ಹಾಗೇ ಕೂತಿರುವುದನ್ನು ಕಾಣಬಹುದು. ನಮ್ಮ ಹಳೇಬೀಡಿನ ಆನೆಸಾಲು ಎಷ್ಟೇ ಸೊಗಸಾದರೂ ಈ ಸೇನೆಗೆ ಮಾದರಿಯಾಗದು, ಅದು ಹನ್ನೆರಡನೇ ಶತಮಾನದ್ದು. ಬುರುಜಿಲ್ಲದ ಆನೆ ಸಿಗುವವರೆಗೆ ಕಾಯಿರಿ.

ಆನೆಗೆ ಬಣ್ಣ ಹಚ್ಚುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಸೇನೆಯ ಮುಖ ಅದೇ. ಮೊದಲು ಅಚ್ಚಿನ ಗೆರೆಗಳನ್ನು ಚಾಕುವಿನ ಹಿಂಬದಿಯಿಂದ ಕೆರೆದು, ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಹಚ್ಚುವ ಮೊದಲ ಲೇಪ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ ಕಡೆಯವರು ಸ್ಪ್ರೇ ಡಬ್ಬಿಯನ್ನು ಮುಟ್ಟಬೇಡಿ. ಗಾಳಿಯ ತೇವ ಸೇರಿ ಮೈ ತರಿತರಿಯಾಗುತ್ತದೆ, ವಾರ್ನಿಶ್ ಬೆಳ್ಳಗೆ ಮಂಜುಗಟ್ಟುತ್ತದೆ. ಬ್ರಶ್‌ನಿಂದ ಹಚ್ಚುವ ಪ್ರೈಮರ್ ನಿಧಾನವಾದರೂ ಮೋಸ ಮಾಡದು. ಆನೆಯೆಂದರೆ ಬೂದು ಎಂದು ಬೂದುಬಣ್ಣದ ಶೀಶೆಯಿಂದ ನೇರ ಬಳಿಯಬೇಡಿ, ಗೊಂಬೆ ಸಿಮೆಂಟಿನಂತೆ ಕಾಣುತ್ತದೆ. ಬೂದಿಗೆ ಕಂದು ಬೆರೆಸಿ, ನೀರು ಹಾಕಿ ಹಾಲಿನಷ್ಟು ತೆಳುಮಾಡಿ, ಎರಡು ಸಲ ಹಚ್ಚಿ. ಪೂರ್ತಿ ಒಣಗಿದ ಮೇಲೆ ಕಪ್ಪುಗಂದು ವಾಶ್, ಅಂದರೆ ನೀರಿನಂತೆ ತೆಳುವಾದ ಬಣ್ಣ, ಬಿಡಿ. ಅದು ತಾನಾಗಿ ಇಳಿದು ಚರ್ಮದ ಮಡಿಕೆಗಳಲ್ಲಿ, ಮೊಣಕಾಲಿನ ಹಿಂದೆ, ಸೊಂಡಿಲಿನ ಸುಕ್ಕಿನಲ್ಲಿ ನಿಲ್ಲುತ್ತದೆ. ಆಮೇಲೆ ಡ್ರೈಬ್ರಶ್: ಬ್ರಶ್‌ಗೆ ತಿಳಿಬೂದು ತೆಗೆದುಕೊಂಡು ಕಾಗದದ ಮೇಲೆ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಎನ್ನುವಾಗ ಆನೆಯ ಮೈಮೇಲೆ ಹಗುರವಾಗಿ ಆಡಿಸಿ. ಉಬ್ಬಿದ ಕಡೆ ಮಾತ್ರ ಬೆಳಕು ಹತ್ತುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಬಹಳ ಜನ ನಿಲ್ಲಿಸುತ್ತಾರೆ. ನಮ್ಮ ನಾಡಿನವರು ನಿಲ್ಲಿಸಬಾರದು. ದುಬಾರೆಯಲ್ಲೋ ಮೈಸೂರು ದಸರೆಯ ತಾಲೀಮಿನಲ್ಲೋ ಆನೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ವಯಸ್ಸಾದ ಆನೆಯ ಕಿವಿಯಂಚು, ಸೊಂಡಿಲಿನ ಬುಡ, ಹಣೆ ಇಲ್ಲೆಲ್ಲ ಬಣ್ಣ ಮಾಸಿ ನಸುಗೆಂಪು ಚುಕ್ಕೆಗಳು ಎದ್ದಿರುತ್ತವೆ. ಏಷ್ಯಾದ ಆನೆಯ ಗುರುತು ಅದು. ಮನುಷ್ಯರ ಮೈಬಣ್ಣಕ್ಕೆ ಸ್ವಲ್ಪ ಬೂದು ಬೆರೆಸಿ ಕಿವಿಯ ಅಂಚಿಗೆ ಕಡ್ಡಿಯ ತುದಿಯಿಂದ ಚುಕ್ಕೆ ಇಡಿ. ಉಗುರುಗಳಿಗೆ ಮಾಸಲು ಕೆನೆಬಣ್ಣ. ದಂತಕ್ಕೆ ಅಚ್ಚ ಬಿಳಿ ಬೇಡ. ಬುಡದಲ್ಲಿ ಕಂದು, ತುದಿಗೆ ಹೋದಂತೆ ತಿಳಿ.

ಈಗ ಮೇಜಿನ ಮೇಲೆ. ಅರಿಯನ್ ಪ್ರಕಾರ ಪೋರಸನ ಬಳಿ ಅಂದು 200 ಆನೆ, 300 ರಥ, 4,000 ಕುದುರೆ, 30,000 ಕಾಲಾಳು. ಬೇರೆ ಪ್ರಾಚೀನ ಲೇಖಕರು ಆನೆಗಳ ಸಂಖ್ಯೆಯನ್ನು ಇನ್ನೂ ಕಡಿಮೆ ಹೇಳುತ್ತಾರೆ. ಪೋರಸ ಆನೆಗಳನ್ನು ನೂರು ನೂರು ಅಡಿ ಅಂತರದಲ್ಲಿ ಮುಂದೆ ನಿಲ್ಲಿಸಿ, ಅವುಗಳ ಹಿಂದೆ ಕಾಲಾಳುಗಳನ್ನಿಟ್ಟ. ಮ್ಯಾಸಿಡೋನಿಯದ ಹಗುರ ಪಡೆಯವರು ಭರ್ಜಿ ಎಸೆದು ಮಾವುತರನ್ನು ಕೊಂದರು; ಗಾಯಗೊಂಡ ಆನೆಗಳು ತಮ್ಮವರು, ಪರರು ಎನ್ನದೆ ತುಳಿದವು. ಡಿಬಿಎ ನಿಯಮ ಇದನ್ನು ಒಂದೇ ಸಾಲಿನಲ್ಲಿ ಹಿಡಿದಿದೆ: ಹಿಂದೆ ಸರಿಯುವ ಆನೆ ತನ್ನ ದಾರಿಯಲ್ಲಿ ಸಿಕ್ಕ ಸ್ವಂತ ತುಕಡಿಯನ್ನೂ ನಾಶಮಾಡುತ್ತದೆ. ಹಾಗಾಗಿ ಪೋರಸನಂತೆ ಆನೆಯ ಬೆನ್ನಿಗೇ ಬಿಲ್ಲುಗಾರರನ್ನು ಒತ್ತಾಗಿ ನಿಲ್ಲಿಸಬೇಡಿ, ಒಂದು ಬೇಸ್‌ನಷ್ಟು ಜಾಗ ಬಿಡಿ. ರಥಗಳನ್ನು ಒರಟು ನೆಲಕ್ಕೆ ಇಳಿಸಬೇಡಿ. ಮುಖ್ಯ ಯುದ್ಧಕ್ಕೆ ಮುಂಚೆ ಪೋರಸನ ಮಗ ತಂದ ರಥಗಳು ಹೂತುಹೋಗಿದ್ದು ಕೆಸರಿನಲ್ಲೇ. ಆಮೇಲೆ ತಂದೆ ತನ್ನ ಸೇನೆಗೆ ಹುಡುಕಿದ್ದು ಮರಳಿನ ಗಟ್ಟಿ ನೆಲವನ್ನು.

ಕೊನೆಯದಾಗಿ ಹಣದ ಮಾತು, ಎದುರಾಳಿಯ ಮಾತು. ವಿದೇಶದಿಂದ ತರಿಸಿದರೆ ಸಾಗಣೆ ಮತ್ತು ಸುಂಕ ಗೊಂಬೆಯ ಬೆಲೆಗೆ ಸರಿಸಮ ಬರಬಹುದು, ಆದ್ದರಿಂದ ಒಂದೇ ಸಲ ತರಿಸಿ. ಗೊತ್ತಿದ್ದವರ ಬಳಿ ರೆಸಿನ್ 3ಡಿ ಪ್ರಿಂಟರ್ ಇದ್ದರೆ ಇನ್ನೂ ಅಗ್ಗ. ತರಿಸುವಾಗ ಪೋರಸನ ಜತೆಗೆ ಅಲೆಕ್ಸಾಂಡರನನ್ನೂ ತರಿಸಿಬಿಡಿ. ನಮ್ಮ ಊರುಗಳಲ್ಲಿ ಸ್ವಂತ ಸೇನೆ ಹೊತ್ತು ಆಡಲು ಬರುವವರು ವಿರಳ. ಎರಡೂ ಸೇನೆ ನಿಮ್ಮಲ್ಲೇ ಇದ್ದರೆ ಪಕ್ಕದ ಮನೆಯ ಕಾಲೇಜು ಹುಡುಗಿಯನ್ನೋ ಆಫೀಸಿನ ಗೆಳೆಯನನ್ನೋ ಕೂರಿಸಿ ಅರ್ಧ ಗಂಟೆಯಲ್ಲಿ ಆಟ ಕಲಿಸಬಹುದು. ಯಾವ ಸೇನೆ ಬೇಕೆಂದು ಆರಿಸುವುದನ್ನು ಅವರಿಗೇ ಬಿಡಿ. ಹೆಚ್ಚಿನವರು ಆನೆಗಳತ್ತ ಕೈಚಾಚುತ್ತಾರೆ. ಆಗ ಐದಾರು ಮೀಟರ್ ಉದ್ದದ ಸಾರಿಸ್ಸಾ ಹಿಡಿದ ಮ್ಯಾಸಿಡೋನಿಯದ ಈಟಿಗಾರರು ನಿಮ್ಮ ಪಾಲಿಗೆ. ಅವರನ್ನು ಎರಡು ಸಾಲಾಗಿ ಒತ್ತಾಗಿ ಇಡಿ, ಒಂದೇ ಪಿಪ್‌ನಲ್ಲಿ ನಡೆಸಿ, ಕಾಡಿಗೆ ಹೋಗಗೊಡಬೇಡಿ. ಭರ್ಜಿಯ ಹಗುರ ಪಡೆಯನ್ನು ಆನೆಗಳಿಗೆ ಎದುರಾಗಿ ಇಡಿ, ಅಲೆಕ್ಸಾಂಡರನ ಸವಾರರನ್ನು ಆನೆ ಇಲ್ಲದ ಪಕ್ಕಕ್ಕೆ ಒಯ್ಯಿರಿ. ಅವನೂ ಅಂದು ಆನೆಗಳ ಮೇಲೆ ನೇರ ಬೀಳದೆ ಪೋರಸನ ಎಡಪಕ್ಕದ ಕುದುರೆಪಡೆಯ ಮೇಲೇ ಮೊದಲು ಬಿದ್ದ.