ನಾಲ್ಕು ಜನ, ನಾಲ್ಕು ದಿನ, ಹದಿನಾರು ನಿಮಿಷ

ತನ್ನ ಹುಂಜ ಕೂಗಿದರೆ ಮಾತ್ರ ಊರಿಗೆ ಬೆಳಗಾಗುತ್ತದೆ ಎಂದುಕೊಂಡ ಅಜ್ಜಿಯ ಕತೆ ಕನ್ನಡದ ಮಕ್ಕಳಿಗೆ ಹೊಸದಲ್ಲ. ಆಕೆಯ ಜಂಬ ಮುರಿದ ಬಗೆಯೂ ಎಲ್ಲರಿಗೂ ಗೊತ್ತು. ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಅಜ್ಜಿ ಊರು ಬಿಟ್ಟಳು, ಸೂರ್ಯ ಮಾತ್ರ ಎಂದಿನಂತೆ ಹುಟ್ಟಿದ. ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳು ಆ ಕತೆಯನ್ನು ಮಗುಚಿ ಹಾಕಿದರು. ಅವರ ಚಿತ್ರದಲ್ಲಿ ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ. ಸೂರ್ಯ ನಿಜವಾಗಿಯೂ ಹುಟ್ಟುವುದಿಲ್ಲ. ಊರಿಗೆ ಊರೇ ಕತ್ತಲಲ್ಲಿ ಮುಳುಗುತ್ತದೆ, ದೇವರ ನುಡಿ ಕೇಳಿಸಲಾಗುತ್ತದೆ, ಮುದುಕಿಯ ಮನೆಯವರು ಊರು ತೊರೆಯಬೇಕಾಗುತ್ತದೆ.

ಆ ಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಹೆಸರು ಇಂಗ್ಲಿಷಿನದು, ಮಾತು ಕನ್ನಡದ್ದು. 2024ರ ಕಾನ್ ಚಿತ್ರೋತ್ಸವದಲ್ಲಿ, ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಇದಕ್ಕೆ ಬಂತು. ಜಗತ್ತಿನ 555 ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ 18 ಆಯ್ಕೆಯಾಗಿದ್ದವು. ಆ ಹದಿನೆಂಟರಲ್ಲಿ ಇದು ಮೊದಲನೆಯದು. ಆಗ ನಮ್ಮ ಪತ್ರಿಕೆಗಳೆಲ್ಲ ನಿರ್ದೇಶಕ ಚಿದಾನಂದ ನಾಯ್ಕ್ ಅವರ ಬಗ್ಗೆ ಬರೆದವು. ಮೈಸೂರಿನ ಹುಡುಗ, ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದವರು ಎಂದು ಹೆಮ್ಮೆಪಟ್ಟವು. ಪಡಬೇಕಾದ್ದೇ. ಆದರೆ ಆ ಸಂಭ್ರಮದಲ್ಲಿ ಹಿಂದೆ ಸರಿದುಹೋದ ಸಂಗತಿಯೊಂದಿದೆ. ಸಿನಿಮಾ ಕಲಿಯುವವರಿಗೂ ಕಲಿಸುವವರಿಗೂ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಈ ಚಿತ್ರ ಒಂದು ತರಗತಿಯ ಅಭ್ಯಾಸ. ಸಂಸ್ಥೆಯ ಟೆಲಿವಿಷನ್ ವಿಭಾಗದಲ್ಲಿ ಒಂದು ವರ್ಷದ ಕೋರ್ಸುಗಳಿವೆ: ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ. ವರ್ಷದ ಕೊನೆಗೆ ಒಂದೊಂದು ವಿಭಾಗದಿಂದ ಒಬ್ಬೊಬ್ಬರು ಸೇರಿ, ನಾಲ್ವರ ತಂಡವಾಗಿ ಒಂದು ಕಿರುಚಿತ್ರ ಮಾಡಬೇಕು. ಚಿದಾನಂದ ನಾಯ್ಕ್ ಅವರ ತಂಡದಲ್ಲಿ ಕ್ಯಾಮೆರಾ ಹಿಡಿದವರು ಸೂರಜ್ ಠಾಕೂರ್, ಸಂಕಲನ ಮಾಡಿದವರು ಮನೋಜ್ ವಿ., ಧ್ವನಿ ನೋಡಿಕೊಂಡವರು ಅಭಿಷೇಕ್ ಕದಂ. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ಚಿತ್ರದ ಉದ್ದ ಹದಿನಾರು ನಿಮಿಷ.

ಈ ಕಟ್ಟುಪಾಡುಗಳನ್ನು ಅಡ್ಡಿಯೆಂದು ತಿಳಿಯುವವರು ಬಹಳ. ವಾಸ್ತವದಲ್ಲಿ ಚಿತ್ರದ ಚೆಲುವು ಹುಟ್ಟಿದ್ದೇ ಅಲ್ಲಿ. ಸೂರ್ಯ ಹುಟ್ಟದ ಊರಿನ ಕತೆ ಎಂದಮೇಲೆ ಪೂರ್ತಿ ಚಿತ್ರ ರಾತ್ರಿಯದೇ. ರಾತ್ರಿ ಚಿತ್ರೀಕರಣವೆಂದರೆ ವಿದ್ಯಾರ್ಥಿಗಳಿಗೆ ಅತಿ ಕಷ್ಟದ ಕೆಲಸ: ಬೆಳಕನ್ನು ನಾವೇ ಕಟ್ಟಬೇಕು, ಆದರೆ ಕಟ್ಟಿದ್ದು ಕಾಣಬಾರದು. ಮುಖ ಕಾಣುವಷ್ಟು ಬೆಳಕಿರಬೇಕು, ಕತ್ತಲು ಕತ್ತಲಾಗಿಯೇ ಉಳಿಯಬೇಕು. ಇಲ್ಲಿ ಛಾಯಾಗ್ರಾಹಕ ಸೋತಿದ್ದರೆ ಕತೆಯೇ ಸೋಲುತ್ತಿತ್ತು, ನಿರ್ದೇಶಕ ಎಷ್ಟೇ ಜಾಣನಿದ್ದರೂ ಚಿತ್ರ ನಿಲ್ಲುತ್ತಿರಲಿಲ್ಲ. ಅದೇ ರೀತಿ, ಕಣ್ಣಿಗೆ ಕಡಿಮೆ ಕಾಣುವ ಚಿತ್ರದಲ್ಲಿ ಕಿವಿಯ ಮೇಲಿನ ಭಾರ ಹೆಚ್ಚು. ಕೂಗದ ಹುಂಜವೊಂದರ ಕೊರತೆಯನ್ನು ನೋಡುಗನಿಗೆ ತಟ್ಟಿಸುವುದು ಶುದ್ಧ ಧ್ವನಿಯ ಕೆಲಸ. ಕಾನ್‌ನ ತೀರ್ಪುಗಾರರು ಮೆಚ್ಚಿದ್ದು ರಾತ್ರಿಯ ಆಳದಿಂದ ಮೂಡುವ ಬೆಳಕನ್ನು, ಹಾಸ್ಯವನ್ನು, ನಿರ್ದೇಶನದ ಹರಿತವನ್ನು. ಆ ಮೆಚ್ಚುಗೆಯಲ್ಲಿ ಮೊದಲು ಬರುವುದು ಬೆಳಕು ಎಂಬುದನ್ನು ಗಮನಿಸಬೇಕು. ಮುಂದೆ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕಥೇತರ ವಿಭಾಗದ ಉತ್ತಮ ಚಿತ್ರಕಥೆಯ ಗೌರವವೂ ಇದಕ್ಕೆ ಸಂದಿತು.

ಚಿತ್ರ ಜೊತೆಯಲ್ಲಿ ಮಾಡುವುದು ಎಂದರೆ ಎಲ್ಲರೂ ಎಲ್ಲ ಮಾಡುವುದಲ್ಲ. ಒಬ್ಬೊಬ್ಬರೂ ಒಂದೊಂದಕ್ಕೆ ಜವಾಬ್ದಾರರಾಗಿ, ಇನ್ನೊಬ್ಬರ ಕೆಲಸಕ್ಕೆ ಜಾಗ ಬಿಡುವುದು. ನಿರ್ದೇಶಕನಿಗೆ ಒಂದು ಶಾಟ್ ಮೂರು ನಿಮಿಷ ಎಳೆಯಬೇಕೆಂಬ ಆಸೆ. ಸಂಕಲನಕಾರನಿಗೆ ಅದು ಒಂದೂವರೆ ನಿಮಿಷಕ್ಕೇ ಸತ್ತಿದೆ ಎಂಬುದು ಗೊತ್ತು. ಚಿತ್ರೀಕರಣದಲ್ಲಿ ಮಳೆಯಲ್ಲಿ ನೆನೆದ, ನಿದ್ದೆಗೆಟ್ಟ ಕಷ್ಟವೆಲ್ಲ ನಿರ್ದೇಶಕನ ಮೈಯಲ್ಲಿದೆ. ಸಂಕಲನಕಾರ ಅಲ್ಲಿರಲಿಲ್ಲ, ಅವನಿಗೆ ಪರದೆಯ ಮೇಲೆ ಇದ್ದದ್ದಷ್ಟೇ ಕಾಣುತ್ತದೆ. ಅದಕ್ಕೇ ಅವನ ಮಾತಿಗೆ ಬೆಲೆ. ತರಗತಿಯಲ್ಲಿ ಈ ಜಗಳ ನಡೆದಿದ್ದರೆ ಅದು ಚಿತ್ರದಲ್ಲಿ ಕಾಣುತ್ತದೆ, ನಡೆಯದಿದ್ದರೂ ಕಾಣುತ್ತದೆ.

ಇಂಥ ಒಟ್ಟುಗೂಡಿದ ತರಗತಿಯ ಕೆಲಸಕ್ಕೆ ಹಳೆಯ, ಬಹು ಸೊಗಸಾದ ಉದಾಹರಣೆಯೊಂದು ಮಾಸ್ಕೋದಲ್ಲಿದೆ. 1919ರಲ್ಲಿ ಆರಂಭವಾದ ಅಲ್ಲಿನ ಸರ್ಕಾರಿ ಚಲನಚಿತ್ರ ಶಾಲೆ ವಿಜಿಐಕೆಯಲ್ಲಿ ಮಿಖಾಯಿಲ್ ರೊಮ್ ಪಾಠ ಹೇಳುತ್ತಿದ್ದರು. 1956ರಲ್ಲಿ ಅವರ ಮೂವರು ವಿದ್ಯಾರ್ಥಿಗಳು ಹೆಮಿಂಗ್ವೆಯ ‘ದ ಕಿಲ್ಲರ್ಸ್’ ಕತೆಯನ್ನು ಸುಮಾರು ಇಪ್ಪತ್ತು ನಿಮಿಷದ ಚಿತ್ರ ಮಾಡಿದರು. ಅಮೆರಿಕದ ಸಣ್ಣ ಊರಿನ ಒಂದು ಹೋಟೆಲು, ಒಬ್ಬನನ್ನು ಕೊಲ್ಲಲು ಬಂದು ಕಾಯುವ ಇಬ್ಬರು ಬಾಡಿಗೆ ಹಂತಕರು, ಸಾವು ಬರುತ್ತಿದೆಯೆಂದು ಗೊತ್ತಾದರೂ ಹಾಸಿಗೆಯಿಂದ ಏಳದ ಒಬ್ಬ ಮನುಷ್ಯ. ಕತೆ ಇಷ್ಟೇ. ಹೋಟೆಲಿನ ಮೊದಲ ಮತ್ತು ಕೊನೆಯ ದೃಶ್ಯಗಳನ್ನು ಆಂದ್ರೆಯ್ ತಾರ್ಕೋವ್‌ಸ್ಕಿ ಮತ್ತು ಮರೀಕಾ ಬೆಯ್ಕು ನಿರ್ದೇಶಿಸಿದರು. ನಡುವಿನ, ಕೋಣೆಯ ದೃಶ್ಯ ಅಲೆಕ್ಸಾಂದ್ರ ಗೊರ್ದನ್ ಪಾಲಿನದು. ಅದೇ ಗೊರ್ದನ್ ಹೋಟೆಲಿನ ಗಲ್ಲೆಯ ಹಿಂದೆ ನಿಂತು ನಟಿಸಿದ್ದಾರೆ. ಸಾವಿಗೆ ಕಾಯುತ್ತ ಮಲಗಿದವನ ಪಾತ್ರ, ಮುಂದೆ ರಷ್ಯಾದ ದೊಡ್ಡ ಕತೆಗಾರ ಮತ್ತು ನಿರ್ದೇಶಕನಾದ ವಸೀಲಿ ಶುಕ್ಷಿನ್ ಅವರದು. ತಾರ್ಕೋವ್‌ಸ್ಕಿ ಹೋಟೆಲಿಗೆ ಬರುವ ಗಿರಾಕಿ. ಒಂದು ಜಾಜ್ ಹಾಡನ್ನು ಸಿಳ್ಳೆ ಹಾಕುತ್ತ ನಿಂತಿರುತ್ತಾರೆ.

ಈಗ ಆ ಚಿತ್ರ ನೋಡುವವರು, ಮುಂದೆ ಜಗತ್ಪ್ರಸಿದ್ಧ ನಿರ್ದೇಶಕರಾದ ತಾರ್ಕೋವ್‌ಸ್ಕಿಯನ್ನು ಹುಡುಕುತ್ತಾರೆ. ಅದು ಸಹಜ, ಆದರೆ ಸಾಲದು. ಹೋಟೆಲಿನ ದೃಶ್ಯದಲ್ಲಿ ಬಿಗಿ ಇದೆ, ಕೋಣೆಯ ದೃಶ್ಯದಲ್ಲಿ ನಿಂತ ನೀರಿನ ಮೌನವಿದೆ. ಎರಡೂ ಬೇರೆ ಕೈಗಳ ಕೆಲಸ ಎಂದು ತಿಳಿದ ಮೇಲೂ ಚಿತ್ರ ಎಲ್ಲಿಯೂ ಒಡೆಯುವುದಿಲ್ಲ. ಅದನ್ನು ಮಾಡಿದವರೆಲ್ಲ ಇಪ್ಪತ್ತು-ಮೂವತ್ತರ ಆಸುಪಾಸಿನವರು, ಯಾರಿಗೂ ಇನ್ನೂ ಹೆಸರು ಬಂದಿರಲಿಲ್ಲ. ಅಮೆರಿಕವನ್ನು ಕಾಣದ ಸೋವಿಯತ್ ವಿದ್ಯಾರ್ಥಿಗಳು ಶಾಲೆಯೊಳಗೇ ಅಮೆರಿಕದ ಹೋಟೆಲೊಂದನ್ನು ಕಟ್ಟಿ ನಿಲ್ಲಿಸಿದ್ದು ದೊಡ್ಡ ಸಾಹಸ.

ಪೋಲೆಂಡಿನ ವುಜ್ ನಗರದ ಶಾಲೆಯಲ್ಲಿ 1958ರಲ್ಲಿ ರೋಮನ್ ಪೋಲಾನ್‌ಸ್ಕಿ ಮಾಡಿದ ‘ಟೂ ಮೆನ್ ಅಂಡ್ ಎ ವಾರ್ಡ್‌ರೋಬ್’ ಇನ್ನೊಂದು ದಾರಿ ಹಿಡಿಯಿತು. ಇಬ್ಬರು ಗಂಡಸರು ಸಮುದ್ರದಿಂದ ಒಂದು ಬೀರುವನ್ನು ಹೊತ್ತು ದಡಕ್ಕೆ ಬರುತ್ತಾರೆ, ಊರು ಸುತ್ತುತ್ತಾರೆ, ಎಲ್ಲಿಯೂ ಅವರನ್ನು ಸೇರಿಸಿಕೊಳ್ಳುವುದಿಲ್ಲ, ಮತ್ತೆ ಸಮುದ್ರಕ್ಕೇ ಹೋಗುತ್ತಾರೆ. ಸಂಭಾಷಣೆಯೇ ಇಲ್ಲ. ಹದಿನೈದು ನಿಮಿಷದ ಆ ಚಿತ್ರಕ್ಕೆ ಸಂಗೀತ ಕೊಟ್ಟ ಕ್ಷಿಶ್ತೋಫ್ ಕೊಮೇದಾ ಓದಿದ್ದು ವೈದ್ಯಕೀಯ. ಸಿನಿಮಾಕ್ಕೆ ವೈದ್ಯರ ನಂಟು ಮೈಸೂರಿನಿಂದಲೇ ಶುರುವಾದದ್ದಲ್ಲ!

ಕನ್ನಡದ ಮಟ್ಟಿಗೆ ಈ ಪರಂಪರೆಯ ದೊಡ್ಡ ಹೆಸರು ಗಿರೀಶ ಕಾಸರವಳ್ಳಿ. ಮಣಿಪಾಲದಲ್ಲಿ ಫಾರ್ಮಸಿ ಓದಿ ಪುಣೆಗೆ ಹೋದವರು. ಅವರ ಡಿಪ್ಲೊಮಾ ಚಿತ್ರ ‘ಅವಶೇಷ್’ 1975ರ ಸಾಲಿನ ರಾಷ್ಟ್ರ ಪ್ರಶಸ್ತಿ ಪಡೆಯಿತು. ಎರಡೇ ವರ್ಷಕ್ಕೆ ‘ಘಟಶ್ರಾದ್ಧ’ ಬಂತು, ಸ್ವರ್ಣಕಮಲವೂ ಬಂತು. ತರಗತಿಯ ಚಿತ್ರಕ್ಕೂ ಕನ್ನಡದ ಮಹತ್ವದ ಕಥಾಚಿತ್ರವೊಂದಕ್ಕೂ ನಡುವಿನ ದೂರ ಅಷ್ಟೇ.

ಆದರೆ ನಿರ್ದೇಶಕರನ್ನೇ ಎಣಿಸುತ್ತ ಹೋದರೆ ನಮ್ಮದೇ ನೆಲದ ಇನ್ನೊಂದು ಸಾಲು ಕಣ್ತಪ್ಪುತ್ತದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಮತ್ತು ಧ್ವನಿಯ ಪಾಠ ಪುಣೆಯ ಸಂಸ್ಥೆ ಹುಟ್ಟುವ ಮೊದಲೇ ನಡೆಯುತ್ತಿತ್ತು. ಪುಣೆಯ ಸಂಸ್ಥೆ, ಹಳೆಯ ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ ತೆರೆದದ್ದು 1960ರಲ್ಲಿ. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲೇ ಪಾಲಿಟೆಕ್ನಿಕ್‌ನಿಂದ ಛಾಯಾಗ್ರಹಣದ ಡಿಪ್ಲೊಮಾ ಪಡೆದಿದ್ದರು. ಮುಂದೆ ಗುರುದತ್ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೊದ ಕತ್ತಲೆಯೊಳಗೆ ಬೆಳಕಿನ ಕೋಲೊಂದು ಇಳಿದು ಬರುವ ಆ ದೃಶ್ಯ ಅವರದೇ ಕೆಲಸ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಗೋವಿಂದ ನಿಹಲಾನಿ ಕೂಡ ಇದೇ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿದವರು, ಆಮೇಲೆ ಮೂರ್ತಿಯವರ ಕೈಕೆಳಗೆ ಪಳಗಿದವರು. ಕರ್ನಾಟಕದಲ್ಲಿ ಸಿನಿಮಾ ಕಲಿಕೆ ಶುರುವಾದದ್ದು ‘ನಿರ್ದೇಶಕನಾಗುತ್ತೇನೆ’ ಎಂಬ ಆಸೆಯಿಂದಲ್ಲ, ಕಸುಬು ಕಲಿಯುವ ಶ್ರದ್ಧೆಯಿಂದ. ಇದನ್ನು ಇಂದಿನ ತರಗತಿಗಳಲ್ಲಿ ಮತ್ತೆ ಮತ್ತೆ ಹೇಳಬೇಕಿದೆ.

ಏಕೆಂದರೆ ಈಗ ಪತ್ರಿಕೋದ್ಯಮ, ದೃಶ್ಯ ಸಂವಹನ ಇರುವ ಕಾಲೇಜುಗಳಲ್ಲಿ ಕಿರುಚಿತ್ರ ಸಾಮಾನ್ಯ ಪ್ರಾಜೆಕ್ಟ್. ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ. ಸಂಕಲನದ ಒಳ್ಳೆಯ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಇದು ಸಂತೋಷದ ವಿಷಯ. ರೀಲಿನ ಕಾಲದಲ್ಲಿ ಇದನ್ನು ಕನಸಿನಲ್ಲೂ ನೆನೆಯಲಾಗುತ್ತಿರಲಿಲ್ಲ. ಐದಾರು ಜನರ ಗುಂಪು, ಕೊಟ್ಟ ತಾರೀಖು, ಕ್ಲಾಸ್‌ಮೇಟೇ ನಾಯಕ, ಗೆಳತಿಯ ಮನೆಯ ತಾರಸಿಯೇ ಲೊಕೇಷನ್. ಉತ್ಸಾಹಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಹಂಚಿಕೆಯಲ್ಲಿ. ಎಲ್ಲರಿಗೂ ನಿರ್ದೇಶನ ಬೇಕು, ಮಿಕ್ಕವರಿಗೆ ಕ್ಯಾಮೆರಾ ಬೇಕು, ಧ್ವನಿ ಯಾರಿಗೂ ಬೇಡ.

ಕಾಲೇಜು ಕಿರುಚಿತ್ರಗಳು ಸೋಲುವುದು ಬಹುಪಾಲು ಧ್ವನಿಯಲ್ಲಿ. ಫೋನಿನ ಮೈಕು ನಟನಿಂದ ಎಂಟು ಅಡಿ ದೂರದಲ್ಲಿ, ನಡುವೆ ಫ್ಯಾನಿನ ಗೊರಗೊರ, ಕಿಟಕಿಯಾಚೆ ಆಟೊ. ಮಾತು ಕೇಳಿಸುವುದಿಲ್ಲ. ಅದನ್ನು ಮುಚ್ಚಲು ಮೊದಲಿಂದ ಕೊನೆಯವರೆಗೆ ಪಿಯಾನೊ ಇಲ್ಲವೇ ವಯೊಲಿನ್ ಹರಿಸುತ್ತಾರೆ. ಅಲ್ಲಿಗೆ ಚಿತ್ರದ ಜೀವ ಹೋಯಿತು. ಪರಿಹಾರಕ್ಕೆ ದುಡ್ಡು ಬೇಡ, ಒಬ್ಬ ಮನುಷ್ಯ ಬೇಕು. ಮೈಕನ್ನು ಫ್ರೇಮಿನ ಅಂಚಿಗೆ ಎಷ್ಟು ಹತ್ತಿರ ತರಬಹುದೋ ಅಷ್ಟು ತರುವವನು, ಹೆಡ್‌ಫೋನ್ ಹಾಕಿಕೊಂಡು ಪ್ರತಿ ಟೇಕನ್ನೂ ಕೇಳುವವನು, ‘ಹಾರ್ನ್ ಬಂತು, ಇನ್ನೊಂದು ಸಲ’ ಎಂದು ನಿರ್ದೇಶಕನ ಮುಖ ನೋಡದೆ ಹೇಳುವವನು. ಇನ್ನೊಂದು ಫೋನನ್ನೇ ನಟನ ಅಂಗಿಯ ಜೇಬಿನಲ್ಲಿಟ್ಟು ಮಾತು ಬೇರೆ ಮುದ್ರಿಸಬಹುದು. ಶಾಟಿನ ಮೊದಲು ಒಂದು ಚಪ್ಪಾಳೆ ತಟ್ಟಿದರೆ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಲು ಅಷ್ಟು ಸಾಕು, ಕ್ಲಾಪ್ ಬೋರ್ಡಿನ ಕೆಲಸವೂ ಅದೇ. ದೃಶ್ಯ ಮುಗಿದ ಮೇಲೆ ಎಲ್ಲರೂ ಅರ್ಧ ನಿಮಿಷ ಅಲುಗದೆ ನಿಂತು ಆ ಜಾಗದ ಬರಿಯ ಸದ್ದನ್ನು ಮುದ್ರಿಸಿಕೊಳ್ಳಬೇಕು. ರೂಮ್ ಟೋನ್ ಎನ್ನುತ್ತಾರೆ. ಸಂಕಲನದಲ್ಲಿ ಮಾತು ಕತ್ತರಿಸಿದ ಕಡೆಯ ಸಂದುಗಳನ್ನು ಮುಚ್ಚುವುದು ಆ ಅರ್ಧ ನಿಮಿಷ.

ಕಂಟಿನ್ಯುಟಿ ಬರೆಯುವವರ ಕತೆಯೂ ಅಷ್ಟೇ. ಲೋಟದಲ್ಲಿ ಕಾಫಿ ಎಷ್ಟಿತ್ತು, ಬ್ಯಾಗು ಯಾವ ಹೆಗಲಿಗೆ, ಕಾಲರ್ ಮಡಿಸಿತ್ತೋ ಇಲ್ಲವೋ. ಪುಸ್ತಕ ಹಿಡಿದು ಇದನ್ನೆಲ್ಲ ಬರೆದುಕೊಂಡ ಹುಡುಗಿ ಸಂಕಲನದ ಮೇಜಿನಲ್ಲಿ ಎಲ್ಲರನ್ನೂ ಕಾಪಾಡುತ್ತಾಳೆ. ಪೋಸ್ಟರಿನಲ್ಲಿ ಅವಳ ಹೆಸರಿರುವುದಿಲ್ಲ.

ಕತೆಯ ಆಯ್ಕೆಯ ಬಗ್ಗೆ ಒಂದು ಮಾತು. ಆತ್ಮಹತ್ಯೆ, ಮಾದಕವಸ್ತು, ಮೊಬೈಲ್ ಚಟ, ಕೊನೆಗೆ ಪರದೆಯ ಮೇಲೆ ಅಕ್ಷರಗಳಲ್ಲಿ ಒಂದು ಸಂದೇಶ: ಈ ಅಚ್ಚಿನಲ್ಲಿ ನಮ್ಮ ಕಾಲೇಜುಗಳಿಂದ ಬಹಳಷ್ಟು ಚಿತ್ರಗಳು ಬರುತ್ತಿವೆ. ಕಾಳಜಿ ನಿಜವಾದದ್ದೇ. ಆದರೆ ಹತ್ತು ನಿಮಿಷಕ್ಕೆ ಒಂದು ಘಟನೆ ಸಾಕು, ಒಂದು ಬದುಕು ಹಿಡಿಸದು. ಚಿದಾನಂದ ನಾಯ್ಕ್ ಬಾಲ್ಯದಲ್ಲಿ ಕೇಳಿದ ಜನಪದ ಕತೆಯನ್ನು ಹಿಡಿದರು. ಅದನ್ನು ಚಿತ್ರ ಮಾಡುವುದು ಬೇಡವೆಂದು ತಮಗೆ ಹೇಳಲಾಗಿತ್ತು ಎಂದು ಕಾನ್‌ನಲ್ಲಿ ಅವರೇ ಹೇಳಿಕೊಂಡಿದ್ದಾರೆ. ಬೀದರಿನ, ಕಾರವಾರದ, ಕೋಲಾರದ ವಿದ್ಯಾರ್ಥಿಗಳ ಅಜ್ಜಿಯರ ಬಳಿಯೂ ಹೀಗೇ ಮಗುಚಿ ಹಾಕಲು ಕಾದಿರುವ ಕತೆಗಳಿವೆ, ಅವರವರ ಊರಿನ ಕನ್ನಡದಲ್ಲೇ ಹೇಳಬಹುದಾದ ಕತೆಗಳು.

ಅಂಕ ಕೊಡುವ ಅಧ್ಯಾಪಕರು ಒಂದು ಬದಲಾವಣೆ ಮಾಡಿದರೆ ಬಹಳಷ್ಟು ಸರಿಹೋಗುತ್ತದೆ. ಗುಂಪಿಗೆಲ್ಲ ಒಂದೇ ಅಂಕ ಎಂಬ ಪದ್ಧತಿ ಬಿಟ್ಟು, ಕ್ಯಾಮೆರಾಕ್ಕೆ, ಧ್ವನಿಗೆ, ಸಂಕಲನಕ್ಕೆ, ಕಂಟಿನ್ಯುಟಿಗೆ ಬೇರೆ ಬೇರೆ ಅಂಕ ಕೊಡಲಿ. ಯಾರು ಯಾವುದನ್ನು ಮಾಡುತ್ತಾರೆ ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಬರೆಸಿಕೊಳ್ಳಲಿ. ಕಾಲೇಜು ಉತ್ಸವಗಳಲ್ಲಿ ಬಹುಮಾನ ಕೊಡುವವರು ಉತ್ತಮ ಚಿತ್ರ, ಉತ್ತಮ ನಿರ್ದೇಶನಗಳಿಗೇ ನಿಲ್ಲದೆ ಉತ್ತಮ ಧ್ವನಿಗೆ ಒಂದು ಫಲಕ ಇಡಲಿ. ಮುಂದಿನ ವರ್ಷವೇ ಮೈಕು ಹಿಡಿಯಲು ಕೈಗಳು ಮುಂದೆ ಬರುತ್ತವೆ.

ಓದುಗರಿಗೂ ಒಂದು ಕೋರಿಕೆ. ಬೆಂಗಳೂರು ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವ 2010ರಿಂದ ನಡೆಯುತ್ತಿದೆ, ಜಗತ್ತಿನ ವಿದ್ಯಾರ್ಥಿಗಳ ಚಿತ್ರಗಳೂ ಅಲ್ಲಿಗೆ ಬರುತ್ತವೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮೂರಿನ ಕಾಲೇಜಿನಲ್ಲಿ ವರ್ಷದ ಕೊನೆಗೆ ಪ್ರಾಜೆಕ್ಟ್ ಚಿತ್ರಗಳ ಪ್ರದರ್ಶನ ಇರುತ್ತದೆಯೇ ವಿಚಾರಿಸಿ. ಇದ್ದರೆ ಹೋಗಿ, ಕೊನೆಯ ಹೆಸರಿನವರೆಗೂ ಕೂತು ನೋಡಿ. ಚಿತ್ರ ಮುಗಿದ ಮೇಲೆ ಧ್ವನಿ ಮಾಡಿದವರು ಯಾರೆಂದು ಕೇಳಿ, ಅವರೊಂದಿಗೆ ಎರಡು ಮಾತಾಡಿ ಬನ್ನಿ.