ನಂದಿನಿಯ ಸಂಸಾರ ತೋರಿಸಿದವರಾರು?

ಮದುವೆ ನಿಶ್ಚಯವಾದ ಜೋಡಿಗಳು ಪ್ರೀ-ವೆಡ್ಡಿಂಗ್ ಶೂಟ್‌ಗೆಂದು ಸಕಲೇಶಪುರದ ಗುಡ್ಡ ಹತ್ತುವುದು ಈಗ ವಾಡಿಕೆ. ಹಿನ್ನೆಲೆಗೆ ಮಂಜು ಬೇಕು, ಸಿಕ್ಕಿದರೆ ಮಳೆಯೂ ಬೇಕು. ಈ ಆಸೆಯ ಬೇರು ಹುಡುಕಿದರೆ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ಸಿಗುತ್ತದೆ. 2006ರ ಡಿಸೆಂಬರ್ 29ರಂದು ತೆರೆಕಂಡ ಈ ಚಿತ್ರ ಮಡಿಕೇರಿ, ಸಕಲೇಶಪುರ, ಜೋಗದಲ್ಲಿ ಚಿತ್ರೀಕರಣಗೊಂಡಿತ್ತು. ಚಿತ್ರತಂಡಗಳು ತಪ್ಪಿಸಿಕೊಳ್ಳಲು ನೋಡುವ ಮಳೆಯನ್ನೇ ಎಸ್. ಕೃಷ್ಣ ಅವರ ಕ್ಯಾಮೆರಾ ಅರಸಿಕೊಂಡು ಹೋಯಿತು.

ಆದರೆ ಆ ಚಿತ್ರದಲ್ಲಿ ಪ್ರೇಮಿಗಳ ಮದುವೆಯೇ ಆಗುವುದಿಲ್ಲ. ನಾಯಕ ಪ್ರೀತಂ ಹಿಂದೆ ಸರಿಯುತ್ತಾನೆ. ನಾಯಕಿ ನಂದಿನಿ, ಮನೆಯವರು ಗೊತ್ತುಮಾಡಿದ ಗೌತಮನ ಕೈಹಿಡಿಯುತ್ತಾಳೆ. ನೋಡುಗರು ಪ್ರೀತಂನಿಗಾಗಿ ಅತ್ತರು. ನಂದಿನಿ ಮರುದಿನ ಯಾವ ಮನಸ್ಸಿನಲ್ಲಿ ಎದ್ದಳು? ಗಂಡನಿಗೆ ಏನು ಹೇಳಿದಳು, ಏನು ಬಚ್ಚಿಟ್ಟಳು? ಸಂಸಾರ ಶುರುವಾಗುವ ಜಾಗದಲ್ಲಿ ಸಿನಿಮಾ ಮುಗಿಯಿತು.

ಸಕಲೇಶಪುರ, ಆಲೂರಿನ ಕಾಫಿ ತೋಟದ ಮನೆಗಳಿಗೆ ಸೊಸೆಯಾಗಿ ಬಂದವರಿಗೆ ಮಳೆಯ ಲೆಕ್ಕವೇ ಬೇರೆ. ಮಾರ್ಚ್, ಏಪ್ರಿಲ್‌ನ ಹೂಮಳೆ ತಪ್ಪಿದರೆ ವರ್ಷದ ಫಸಲಿಗೇ ಪೆಟ್ಟು. ಜೂನ್‌ನಿಂದ ಜಡಿಮಳೆ, ಕರೆಂಟಿಲ್ಲದ ರಾತ್ರಿಗಳು, ಒಣಗದ ಬಟ್ಟೆ, ಕಾಫಿಗೆ ಕೊಳೆರೋಗದ ಭಯ. ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಂದರೆ ಗಂಡ ಹೆಂಡತಿ ಇಬ್ಬರೂ ಕಣಕ್ಕೆ ಓಡಿ, ಹರಡಿದ ಕಾಫಿ ಒಟ್ಟುಮಾಡಿ ಟಾರ್ಪಾಲು ಮುಚ್ಚಬೇಕು. ಕಾಡಾನೆಯ ಸುದ್ದಿ ಬಂದರಂತೂ ಸಂಜೆ ಹೊರಗೆ ಕಾಲಿಡುವಂತಿಲ್ಲ. ಇಂಥ ಮನೆಯೊಳಗೂ ಪ್ರೀತಿ ಧಾರಾಳವಾಗಿದೆ. ಅದರ ಕಡೆ ಕ್ಯಾಮೆರಾ ತಿರುಗಿಸುವವರು ಕಡಿಮೆ.

ಹಾಗೆಂದು ಕನ್ನಡ ಚಿತ್ರರಂಗ ಮದುವೆಯ ಆಚೆಗೆ ನೋಡಿಯೇ ಇಲ್ಲ ಎನ್ನಲಾಗದು. ವಾಣಿಯವರ ಕಾದಂಬರಿ ಆಧರಿಸಿ ದೊರೈ–ಭಗವಾನ್ 1974ರಲ್ಲಿ ತೆಗೆದ ‘ಎರಡು ಕನಸು’ ನೋಡಬೇಕು. ಪ್ರೀತಿಸಿದವಳನ್ನು ಕಳೆದುಕೊಂಡು ಇನ್ನೊಬ್ಬಳನ್ನು ಮದುವೆಯಾದ ರಾಜ್‌ಕುಮಾರ್ ಪಾತ್ರ ಹಳೆಯ ಕನಸಿನಲ್ಲೇ ಉಳಿದು, ಎದುರಿಗಿರುವ ಹೆಂಡತಿ ಕಲ್ಪನಾಳನ್ನು ಕಣ್ಣೆತ್ತಿ ನೋಡುವುದಿಲ್ಲ. ‘ಮುಂಗಾರು ಮಳೆ’ ಬಿಟ್ಟುಹೋದ ಪ್ರಶ್ನೆಯನ್ನು ಈ ಚಿತ್ರ 32 ವರ್ಷ ಮೊದಲೇ ಕೈಗೆತ್ತಿಕೊಂಡಿತ್ತು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ‘ಶರಪಂಜರ’ ಇನ್ನೂ ಕಠಿಣ. ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು, ಪ್ರೀತಿಸಿ ಕೈಹಿಡಿದ ಗಂಡನೇ ದೂರವಿಡುತ್ತಾನೆ.

ಇತ್ತೀಚಿನದೂ ಒಂದಿದೆ. ಹಾಸನದ ನಟಿ ಮಿಲನಾ ನಾಗರಾಜ್ ಹಾಗೂ ನಟ ಕೃಷ್ಣ ಜೋಡಿಯ ‘ಲವ್ ಮಾಕ್ಟೇಲ್’ (2020) ತಾಳಿ ಕಟ್ಟಿದ ಮೇಲಿನ ಮನೆಯನ್ನೂ, ಆ ಮನೆಗೆ ಬರುವ ಕಾಯಿಲೆಯನ್ನೂ ತೋರಿಸಿತು. ಚಿತ್ರ ನಿರ್ದೇಶಿಸಿದ್ದೂ ಕೃಷ್ಣ ಅವರೇ. ಮರುವರ್ಷ ಫೆಬ್ರವರಿ 14ರಂದು ಇಬ್ಬರೂ ನಿಜವಾಗಿಯೂ ಮದುವೆಯಾದರು.

ಸಿನಿಮಾ ಮನಸ್ಸು ಕೆಡಿಸುತ್ತದೆ ಎಂದು ದೂರುವ ಹಿರಿಯರು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಒಂದು ಅಧ್ಯಯನವನ್ನು ಗಮನಿಸಬೇಕು. ಹೊಸದಾಗಿ ಮದುವೆಯಾದ 174 ಜೋಡಿಗಳಲ್ಲಿ ಒಂದು ಗುಂಪಿಗೆ ದಾಂಪತ್ಯದ ಬಗೆಗಿನ ಐದು ಚಿತ್ರಗಳನ್ನು ಒಂದು ತಿಂಗಳಲ್ಲಿ ನೋಡಿ, ಪ್ರತಿ ಬಾರಿಯೂ ಕೊಟ್ಟ ಪ್ರಶ್ನೆಗಳನ್ನಿಟ್ಟುಕೊಂಡು ಮಾತಾಡಲು ಹೇಳಲಾಗಿತ್ತು. ಮೂರು ವರ್ಷಗಳ ನಂತರ, ಯಾವ ತರಬೇತಿಯೂ ಇಲ್ಲದವರಲ್ಲಿ ಶೇ. 24ರಷ್ಟು ಜೋಡಿಗಳು ಬೇರೆಯಾಗಿದ್ದರೆ, ಸಿನಿಮಾ ನೋಡಿ ಮಾತಾಡಿದವರಲ್ಲಿ ಅದು ಶೇ. 11ರಷ್ಟಿತ್ತು. ಸಲಹಾ ತರಗತಿಗಳಿಗೆ ಹೋದವರ ಫಲಿತಾಂಶವೂ ಹೆಚ್ಚುಕಡಿಮೆ ಇದೇ.

ಮಲೆನಾಡಿನ ಹೊಸ ದಂಪತಿಗಳಿಗೂ ಇದು ಸಾಧ್ಯ. ಮಳೆಗಾಲದ ಜಡಿಮಳೆಯಲ್ಲಿ ತೋಟದ ಕೆಲಸ ಹೇಗೂ ನಿಧಾನ. ಮೊದಲ ವಾರ ‘ಮುಂಗಾರು ಮಳೆ’ಯೇ ಇರಲಿ, ಮರುವಾರ ‘ಎರಡು ಕನಸು’. ಕಲ್ಪನಾ ಅಷ್ಟು ಕಾಲ ಸಹಿಸಿದ್ದು ಸರಿಯೇ? ರಾಜ್‌ಕುಮಾರ್ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಗಂಡ ಹೆಂಡತಿಯ ಉತ್ತರ ಒಂದೇ ಆಗಬೇಕಿಲ್ಲ. ‘ಶರಪಂಜರ’ಕ್ಕೆ ಮಾತ್ರ ಬಿಡುವು ಮಾಡಿಕೊಂಡು ಕೂರಬೇಕು, ಅದರ ಮಾತು ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ.