ಚೆಂಡು ನಿಲ್ಲುವ ಎಡೆ

ಕ್ರಿಕೆಟ್ಟಿನಲ್ಲಾಗಲಿ ಟೆನಿಸ್ಸಿನಲ್ಲಾಗಲಿ ಪ್ರೇಕ್ಷಕನ ಕಣ್ಣನ್ನು ಮೊದಲು ಸೆಳೆಯುವುದು ವೇಗ. ಚೆಂಡು ಎಷ್ಟು ಬಿರುಸಾಗಿ ಹೋಯಿತು, ಎಷ್ಟು ದೂರ ಹಾರಿತು ಎಂಬುದರ ಮೇಲೆಯೇ ಆಟಗಾರನ ಕೀರ್ತಿ ನಿಂತಿರುವುದು. ಆದರೆ ನುಣುಪಾಗಿ ಕತ್ತರಿಸಿದ ಹುಲ್ಲಿನ ಮೇಲೆ ಭಾರವಾದ ಚೆಂಡನ್ನು ಉರುಳಿಸುವ ಲಾನ್ ಬೌಲ್ಸ್ ಆಟದಲ್ಲಿ ರಸಿಕನಾದವನು ಕಾದು ನೋಡುವುದು, ಕೈಬಿಟ್ಟ ಚೆಂಡು ತನ್ನ ವೇಗವನ್ನು ಇಷ್ಟಿಷ್ಟಾಗಿ ಕಳೆದುಕೊಳ್ಳುತ್ತ, ಒಂದು ಪಕ್ಕಕ್ಕೆ ವಾಲಿ, ಬಾಗಿದ ದಾರಿಯಲ್ಲಿ ಗುರಿಯ ಬಳಿಗೆ ಸರಿದು ಬರುವ ಕೊನೆಯ ಎರಡು ಮೂರು ಗಜಗಳನ್ನು. ಎಸೆಯುವುದಕ್ಕಿಂತ ನಿಲ್ಲಿಸುವುದೇ ಇಲ್ಲಿಯ ವಿದ್ಯೆ. ಈ ವಿದ್ಯೆಯನ್ನು ಯಾವ ವಯಸ್ಸಿನಲ್ಲಾದರೂ ಆರಂಭಿಸಬಹುದು. ಆರಂಭಿಸುವುದಕ್ಕೆ ಇಂಗ್ಲೆಂಡಿನ ದಕ್ಷಿಣ ಕಡಲತೀರಕ್ಕಿಂತ ಪ್ರಶಸ್ತವಾದ ಪ್ರದೇಶ ವಿರಳವೆಂದು ನನ್ನ ನಂಬಿಕೆ.

ಆ ತೀರದ ಸೌತಾಂಪ್ಟನ್ ನಗರದಲ್ಲಿ ಪರಂಪರೆಯ ಪ್ರಕಾರ 1299ರಿಂದ ಆಟ ನಡೆಯುತ್ತ ಬಂದಿರುವ ಅಂಗಣವೊಂದುಂಟು. ಅಲ್ಲಿ 1776ರಿಂದ ನಡೆದುಬಂದಿರುವ ವಾರ್ಷಿಕ ಸ್ಪರ್ಧೆಯಲ್ಲಿ ಗೆದ್ದವನಿಗೆ ಕ್ಲಬ್ಬಿನೊಳಗೆ 'ಸರ್' ಎಂಬ ಬಿರುದು ಸಲ್ಲುವುದು; ಬಿರುದು ಪಡೆದವನು ಮರಳಿ ಸ್ಪರ್ಧಿಸಕೂಡದು. ಇಂಥ ಗೌರವ ಈ ಆಟಕ್ಕೆ ಎಲ್ಲ ಕಾಲದಲ್ಲಿಯೂ ದೊರೆಯಲಿಲ್ಲ. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1541ರಲ್ಲಿ, ಕುಶಲಕರ್ಮಿಗಳೂ ಸೇವಕರೂ ಕ್ರಿಸ್ಮಸ್ ಕಾಲದ ಹೊರತು ಬೌಲ್ಸ್ ಆಡಬಾರದೆಂದು ವಿಧಿಸಿದ ಶಾಸನ 1845ರವರೆಗೆ ರದ್ದಾಗಲಿಲ್ಲ. ಅದಾದ ಕೆಲವೇ ವರ್ಷಗಳಲ್ಲಿ ಗ್ಲಾಸ್ಗೋ ನಗರದ ಮಿಚೆಲ್ ಎಂಬವರು ಆಟದ ನಿಯಮಗಳನ್ನು ಕ್ರಮಬದ್ಧವಾಗಿ ಬರೆದಿಟ್ಟರು. 1903ರಲ್ಲಿ ಇಂಗ್ಲಿಷ್ ಬೌಲಿಂಗ್ ಅಸೋಸಿಯೇಷನ್ ಸ್ಥಾಪಿತವಾದಾಗ ಅದರ ಪ್ರಥಮ ಅಧ್ಯಕ್ಷ ಪದವಿಯನ್ನು ವಹಿಸಿದವರು ಕ್ರಿಕೆಟ್ ಜಗತ್ತಿನ ಪಿತಾಮಹರಾದ ಡಬ್ಲ್ಯು. ಜಿ. ಗ್ರೇಸ್. ಶ್ರೀಮಂತರ ತೋಟಗಳಿಂದ ಊರ ಉದ್ಯಾನಗಳಿಗೆ ಆಟ ಇಳಿದುಬಂದದ್ದು ಹೀಗೆ.

ಹವೆ ಸೌಮ್ಯವಾದ, ನಿವೃತ್ತರು ನೆಲೆಸಲು ಬಯಸುವ ಕಡಲತೀರದ ಪಟ್ಟಣಗಳಲ್ಲಿ ಅದು ಬೇರೂರಿದ್ದು ಸಹಜವೇ. ಸಸೆಕ್ಸ್ ತೀರದ ವರ್ದಿಂಗ್ ಪಟ್ಟಣದ ಬೀಚ್ ಹೌಸ್ ಪಾರ್ಕಿನಲ್ಲಿ 1972ರಲ್ಲಿಯೂ 1992ರಲ್ಲಿಯೂ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಈಸ್ಟ್‌ಬೋರ್ನಿನ ಸ್ಯಾಫ್ರನ್ಸ್, ಬೆಕ್ಸ್‌ಹಿಲ್ಲಿನ ಪೋಲ್‌ಗ್ರೋವ್ ಮೊದಲಾದ ಮೈದಾನಗಳು ಸುತ್ತಣ ಸೀಮೆಯವರಿಗೆಲ್ಲ ಪರಿಚಿತ. ಕಡಲಿಗೂ ಈ ಆಟಕ್ಕೂ ಇನ್ನೊಂದು ನಂಟುಂಟು. ಹಿಂದೆ ಉತ್ತಮವಾದ ಗ್ರೀನ್, ಎಂದರೆ ಆಟದ ಹುಲ್ಲಂಗಣ, ಕಟ್ಟಬೇಕೆಂದವರು ವಾಯವ್ಯ ತೀರದ ಕಂಬರ್‌ಲೆಂಡ್ ಸೀಮೆಯಿಂದ, ಉಬ್ಬರದ ಉಪ್ಪುನೀರು ಹೊಕ್ಕುಹೋಗುವ ಜೌಗುನೆಲದ ಹುಲ್ಲುಹೆಪ್ಪನ್ನು ಕತ್ತರಿಸಿ ತರಿಸುತ್ತಿದ್ದರು. ಉಪ್ಪಿಗೆ ಅಂಜದ ಆ ಸಣ್ಣ ಎಸಳಿನ ದಟ್ಟ ಹುಲ್ಲನ್ನು ಕೆಲವೇ ಮಿಲಿಮೀಟರುಗಳ ಎತ್ತರಕ್ಕೆ ಸವರಿದರೂ ಅದು ಬಾಳುವುದು.

ಇಷ್ಟು ಶ್ರಮವೇಕೆಂಬುದು ಚೆಂಡನ್ನು ಕೈಗೆ ತೆಗೆದುಕೊಂಡಾಗ ತಿಳಿಯುತ್ತದೆ. ಒಂದೂವರೆ ಕಿಲೋಗ್ರಾಮಿನಷ್ಟು ತೂಗುವ ಈ ಬೌಲು ನೋಟಕ್ಕೆ ಗುಂಡಾಗಿ ತೋರಿದರೂ ಪೂರ್ಣ ಗೋಲವಲ್ಲ. ಒಂದು ಪಾರ್ಶ್ವಕ್ಕಿಂತ ಇನ್ನೊಂದು ಪಾರ್ಶ್ವವನ್ನು ತುಸು ಬೇರೆಯಾಗಿ ತೀಡಿರುವುದರಿಂದ ಅದರ ಭಾರಕೇಂದ್ರ ನಟ್ಟನಡುವೆ ಇರುವುದಿಲ್ಲ. ಒಳಗೆ ಸೀಸವನ್ನೋ ಕಬ್ಬಿಣವನ್ನೋ ತುಂಬಿರಬಹುದೆಂದು ಹೊಸಬರು ಊಹಿಸುವುದುಂಟು. ಅಂಥದೇನೂ ಇಲ್ಲ, ಆಕಾರವೊಂದೇ ಕಾರಣ. ಈ ಓರೆತನಕ್ಕೆ ಬಯಾಸ್ ಎಂದು ಹೆಸರು. ವೇಗವಿರುವ ತನಕ ಬೌಲು ಬಹುಮಟ್ಟಿಗೆ ನೇರವಾಗಿ ಸಾಗಿ, ವೇಗ ತಗ್ಗಿದಂತೆ ಹೆಚ್ಚು ಹೆಚ್ಚಾಗಿ ಬಾಗುವುದು. ಆದಕಾರಣ ಗುರಿಯನ್ನು ಮುಟ್ಟಬೇಕೆಂಬವನು ಗುರಿಯತ್ತ ಎಸೆಯಲಾಗದು. ಅದರಿಂದ ಸಾಕಷ್ಟು ಆಚೆಗೆ ಕಣ್ಣಿಟ್ಟು ಬಿಟ್ಟು, ತಿರುಗಿ ಬರುವ ಕೆಲಸವನ್ನು ಬೌಲಿಗೇ ವಹಿಸಬೇಕು. ಎಷ್ಟು ಆಚೆಗೆ ಎಂಬುದನ್ನು ಹುಲ್ಲು ನಿರ್ಣಯಿಸುವುದು. ಅಂಗಣದ ವೇಗವನ್ನು, ಬಿಟ್ಟ ಬೌಲು 27 ಮೀಟರು ಸಾಗಿ ನಿಲ್ಲಲು ಹಿಡಿಯುವ ಸೆಕೆಂಡುಗಳಿಂದ ಎಣಿಸುತ್ತಾರೆ. ನುಣುಪಾದ ಗಟ್ಟಿ ನೆಲದ ಮೇಲೆ ಮೆಲ್ಲಗೆ ಬಿಟ್ಟರೂ ಬೌಲು ಅಷ್ಟು ದೂರ ತಲುಪುವುದರಿಂದ, ಹೆಚ್ಚು ಸೆಕೆಂಡು ಹಿಡಿಯುವ ಗ್ರೀನೇ ವೇಗದ ಗ್ರೀನು; ಅಲ್ಲಿ ಬಾಗೂ ಅಧಿಕ. ಇಂಗ್ಲೆಂಡಿನ ತೇವದ ಹುಲ್ಲಿನಲ್ಲಿ ಹತ್ತು ಹನ್ನೆರಡು ಸೆಕೆಂಡು ಸಾಮಾನ್ಯ. ನ್ಯೂಜಿಲೆಂಡಿನಲ್ಲಿ ಹದಿನೈದನ್ನು ಮೀರುವುದುಂಟು. ಒಂದೇ ಅಂಗಣವೂ ಬೆಳಗಿನ ಇಬ್ಬನಿಯಲ್ಲಿ ಒಂದು ಬಗೆ, ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಂದು ಬಗೆ.

ನಿಯಮಗಳು ಒಂದು ಸಂಜೆಗೆ ಕಲಿಯುವಷ್ಟೇ ಇವೆ. ಚಾಪೆಯ ಮೇಲೆ ನಿಂತು ಮೊದಲು ಜ್ಯಾಕ್ ಎಂಬ ಬಿಳಿಯ ಅಥವಾ ಹಳದಿಯ ಪುಟ್ಟ ಚೆಂಡನ್ನು ಕನಿಷ್ಠ 23 ಮೀಟರು ದೂರಕ್ಕೆ ಉರುಳಿಸುತ್ತಾರೆ. ಬಳಿಕ ಇಬ್ಬಣದವರೂ ಸರದಿಯಂತೆ ಬೌಲು ಬಿಡುತ್ತಾರೆ. ಎಲ್ಲ ಮುಗಿದಾಗ ಎದುರಾಳಿಯ ಅತ್ಯಂತ ಸಮೀಪದ ಬೌಲಿಗಿಂತ ಜ್ಯಾಕಿಗೆ ಹತ್ತಿರವಾಗಿ ನಮ್ಮವೆಷ್ಟು ನಿಂತಿವೆಯೋ ಅಷ್ಟು ಅಂಕ. ಒಬ್ಬೊಬ್ಬರ ಆಟದಲ್ಲಿ ನಾಲ್ಕು ನಾಲ್ಕು ಬೌಲು, ಮೊದಲು 21 ಅಂಕ ಗಳಿಸಿದವನಿಗೆ ಜಯ. ನಾಲ್ವರ ತಂಡವಾದರೆ ಒಬ್ಬೊಬ್ಬರಿಗೆ ಎರಡೆರಡು ಬೌಲು. ಜ್ಯಾಕನ್ನು ಮುಟ್ಟಿದ ಬೌಲಿಗೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಅಂಥ ಬೌಲು ಅಂಚಿನ ಕಾಲುವೆಗೆ ಬಿದ್ದರೂ ಲೆಕ್ಕಕ್ಕುಂಟು. ಎರಡು ಬೌಲುಗಳ ಅಂತರ ಕಣ್ಣಿಗೆ ನಿರ್ಣಯವಾಗದಿದ್ದಾಗ ಇಬ್ಬಣದ ಮೂರನೆಯ ಆಟಗಾರರು ಮೊಣಕಾಲೂರಿ, ಜ್ಯಾಕಿನಿಂದ ಬೌಲಿಗೆ ಅಳತೆಯ ದಾರವನ್ನೆಳೆದು, ಯಾವುದನ್ನೂ ಕೂದಲೆಳೆಯಷ್ಟೂ ಕದಲಿಸದೆ ನೋಡುತ್ತಾರೆ. ಬಹುತೇಕ ಆಟಗಳಲ್ಲಿ ಅಂಪೈರನನ್ನು ಕರೆಯುವ ಪ್ರಸಂಗವೇ ಬಾರದು. ಸೋತವನೇ ತನ್ನ ಸೋಲನ್ನು ಮೊದಲು ಹೇಳುವುದು ಇಲ್ಲಿಯ ಮರ್ಯಾದೆ.

ಕಲಿಯಬೇಕೆಂಬವರು ಏನೊಂದನ್ನೂ ಕೊಳ್ಳದೆ ಹೋಗಬೇಕು. ಹೊರಾಂಗಣದ ಋತು ಏಪ್ರಿಲ್ ಕೊನೆಯಿಂದ ಸೆಪ್ಟೆಂಬರಿನವರೆಗೆ. ಮೇ ತಿಂಗಳ ಕೊನೆಯಲ್ಲಿ ಬೌಲ್ಸ್ ಇಂಗ್ಲೆಂಡ್ ಸಂಸ್ಥೆಯ ಪ್ರೇರಣೆಯಿಂದ ಅನೇಕ ಕ್ಲಬ್ಬುಗಳು ಹೊಸಬರಿಗಾಗಿ ಬಾಗಿಲು ತೆರೆಯುತ್ತವೆ. ಉಳಿದ ದಿನಗಳಲ್ಲಿಯೂ ಕಾರ್ಯದರ್ಶಿಗೆ ಮುಂಚಿತವಾಗಿ ತಿಳಿಸಿದರೆ ಹೇಳಿಕೊಡಲು ಯಾರಾದರೂ ದೊರೆಯುತ್ತಾರೆ. ಹಿಮ್ಮಡಿಯಿಲ್ಲದ, ಚಪ್ಪಟೆ ಅಟ್ಟೆಯ ಪಾದರಕ್ಷೆಯೊಂದೇ ಕಡ್ಡಾಯ, ಹುಲ್ಲಿಗೆ ಗಾಯವಾಗಬಾರದು. ಬೌಲುಗಳನ್ನು ಕ್ಲಬ್ಬೇ ಕೊಡುವುದು. ಎರಡು ಕೈಗಳ ಹೆಬ್ಬೆರಳುಗಳನ್ನೂ ಮಧ್ಯದ ಬೆರಳುಗಳನ್ನೂ ಬೌಲಿನ ಸುತ್ತ ತಂದಾಗ ತುದಿಗಳು ಪರಸ್ಪರ ಸೋಂಕಿದರೆ ಅಳತೆ ಸರಿಯಾಯಿತೆಂದು ಲೆಕ್ಕ. ಆದರೆ ತೋಳನ್ನು ಹಿಂದಕ್ಕೆ ಬೀಸಿದಾಗ ಹಿಡಿತ ಜಾರುವುದಾದರೆ, ಇನ್ನೂ ಚಿಕ್ಕದನ್ನು ಆರಿಸಿಕೊಳ್ಳಲು ಸಂಕೋಚಪಡಬಾರದು. ಬೌಲಿನ ಎರಡು ಪಾರ್ಶ್ವಗಳಲ್ಲಿಯೂ ವೃತ್ತಾಕಾರದ ಗುರುತುಗಳಿರುತ್ತವೆ. ಚಿಕ್ಕ ವೃತ್ತ ಯಾವ ಕಡೆಗಿರುವುದೋ ಆ ಕಡೆಗೇ ಬೌಲು ಬಾಗುವುದು. ಇದನ್ನು ಮರೆತು ತಿರುವುಮುರುವಾಗಿ ಹಿಡಿದರೆ ಬೌಲು ನೆರೆಯವರ ಆಟದ ಪಟ್ಟಿಗೆ ನುಗ್ಗುವುದು.

ಮೊದಲ ದಿನಗಳಲ್ಲಿ ಜ್ಯಾಕನ್ನು ಇಡದೆ ಅಭ್ಯಾಸ ಮಾಡುವುದು ಲೇಸು. ಚಾಪೆಯ ಮೇಲೆ ನಿಂತು, ಎದುರಿನ ದಂಡೆಯಲ್ಲೊಂದು ಗುರುತನ್ನು ಆರಿಸಿ, ಮೊಣಕಾಲು ಬಾಗಿಸಿ ಒಂದು ಹೆಜ್ಜೆ ಮುಂದಿಡುತ್ತ, ತೋಳನ್ನು ಗಡಿಯಾರದ ಲೋಲಕದಂತೆ ನೇರವಾಗಿ ಬೀಸಿ ಬೌಲನ್ನು ನೆಲಕ್ಕೆ ಹತ್ತಿರವಾಗಿ ಬಿಡಬೇಕು. ಮೇಲಿಂದ ಕುಕ್ಕಿದರೆ ಹುಲ್ಲು ಕುಳಿಬೀಳುವುದು, ಬೌಲು ಕಂಪಿಸಿ ದಾರಿ ತಪ್ಪುವುದು. ಬಿಟ್ಟ ನಾಲ್ಕು ಬೌಲುಗಳು ಎಲ್ಲಿಯಾದರೂ ಸರಿ, ಒಂದರ ಸಮೀಪ ಒಂದು ನಿಂತರೆ ಕೈಗೆ ಹದ ಬರುತ್ತಿದೆಯೆಂದರ್ಥ. ಬಿರುಸಾಗಿ ಎಸೆದು ಎದುರಾಳಿಯ ಬೌಲುಗಳನ್ನು ಚೆದರಿಸುವ ಹೊಡೆತ ಹೊಸಬರ ಮನಸ್ಸನ್ನು ಸೆಳೆಯುತ್ತದೆ. ಅದಕ್ಕೆ ಮುಂದೆ ಕಾಲವುಂಟು. ಬಲಗಡೆಯಿಂದಲೂ ಎಡಗಡೆಯಿಂದಲೂ ಬೌಲನ್ನು ಜ್ಯಾಕಿನ ಬಳಿಗೆ ತಂದು ನಿಲ್ಲಿಸಬಲ್ಲವನಿಗೆ ಆಟದ ಮುಕ್ಕಾಲು ಪಾಲು ಬಂದಂತೆ. ನಾಲ್ಕು ಕಾಮನ್‌ವೆಲ್ತ್ ಸಿಂಗಲ್ಸ್ ಸ್ವರ್ಣಗಳನ್ನು ಗೆದ್ದ, ಬಾಯಲ್ಲಿ ಪೈಪಿಟ್ಟೇ ಆಡುತ್ತಿದ್ದ ಡೇವಿಡ್ ಬ್ರಯಂಟ್ ಅವರ ಹಿರಿಮೆಯ ತಳಹದಿಯೂ ಇಂಥ ನಿಖರತೆಯೇ.

ಇದು ವೃದ್ಧರ ಕಾಲಕ್ಷೇಪವೆಂಬ ಮಾತಿಗೆ ನಮ್ಮ ದೇಶದ ನಾಲ್ವರು ಮಹಿಳೆಯರು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಉತ್ತರವಿತ್ತಿದ್ದಾರೆ. ಲವ್ಲಿ ಚೌಬೆ, ಪಿಂಕಿ ಸಿಂಗ್, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ಇವರು ದಕ್ಷಿಣ ಆಫ್ರಿಕವನ್ನು 17-10ರಿಂದ ಮಣಿಸಿ, ಈ ಆಟದಲ್ಲಿ ಭಾರತಕ್ಕೆ ಮೊದಲ ಕಾಮನ್‌ವೆಲ್ತ್ ಸ್ವರ್ಣವನ್ನು ತಂದರು. ಪೊಲೀಸ್ ಇಲಾಖೆ, ಶಾಲೆ, ಅರಣ್ಯ ಇಲಾಖೆಗಳಂಥ ಕಡೆ ದುಡಿಯುತ್ತಿದ್ದವರು ಅವರು. ಬಾಲ್ಯದಿಂದಲೇ ಇದೊಂದನ್ನೇ ನೆಚ್ಚಿ ಬೆಳೆದವರಲ್ಲ. ತಡವಾಗಿ ಬಂದವರಿಗೂ ಶಿಖರವೇರಲು ಅವಕಾಶವಿರುವ ಆಟಗಳು ಬಹಳವಿಲ್ಲ.

ಇಂಗ್ಲೆಂಡಿನ ದಕ್ಷಿಣ ತೀರದ ಪಟ್ಟಣಗಳಲ್ಲಿ ಉದ್ಯೋಗಕ್ಕೋ ವಿದ್ಯಾಭ್ಯಾಸಕ್ಕೋ ನೆಲೆಸಿರುವ ಕನ್ನಡಿಗರಿಗೆ ನನ್ನದೊಂದು ಮನವಿ. ಸದಸ್ಯರ ಸಂಖ್ಯೆ ಕುಗ್ಗಿ, ಪೌರಸಭೆಗಳ ಬೊಕ್ಕಸ ಬರಿದಾಗಿ, ತಲೆಮಾರುಗಳ ಶ್ರಮದಿಂದ ಹದಗೊಂಡ ಎಷ್ಟೋ ಗ್ರೀನುಗಳು ಈಚೆಗೆ ಮುಚ್ಚಿವೆ. ಒಮ್ಮೆ ಪಾಳುಬಿದ್ದ ಅಂಗಣವನ್ನು ಮೊದಲಿನ ಸಮಕ್ಕೆ ತರಲು ವರ್ಷಗಳು ಬೇಕು. ಆದುದರಿಂದ ಅಲ್ಲಿ ಹೊಸಬನು ಕಲಿಯಲು ಬಂದ ಅತಿಥಿ ಮಾತ್ರವಲ್ಲ. ಅವನು ಕೊಡುವ ಚಂದಾ ಹಣದಿಂದಲೂ, ಸಂಜೆ ಆಟಕ್ಕೆ ಒಬ್ಬರು ಕಡಿಮೆಯಾದಾಗ ನಾಲ್ಕನೆಯವನಾಗಿ ನಿಲ್ಲುವುದರಿಂದಲೂ ಆ ಹುಲ್ಲು ಉಳಿಯುತ್ತದೆ. ಒಂದು ಋತುವಿನ ಕೆಲವು ಸಂಜೆಗಳನ್ನು ಇದಕ್ಕೆ ಮೀಸಲಿಡಿ; ಬಲವನ್ನು ಅಳೆದು ಬಳಸುವ ಸಂಯಮ ನಿಮಗೂ, ಇನ್ನೊಂದು ವರ್ಷದ ಆಯುಷ್ಯ ಆ ಗ್ರೀನಿಗೂ ದೊರೆಯುವುದು.